ಖಾತೆಗೆ ಮೊದಲು ಅಕ್ಕ

ಮಗು, ಅಪ್ಪನ ತಿಥಿ ಮುಗಿದ ಮಾರನೇ ದಿನವೇ ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ ಏನೇನು ಬೇಕು ಅಂತ ವಿಚಾರಿಸಿಕೊಂಡು ಬಂದೆಯಂತೆ. ನಿನ್ನ ಅವಸರ ಅರ್ಥವಾಗುತ್ತೆ. ನಂಜನಗೂಡು ರಸ್ತೆ ಅಗಲವಾಗಿ, ಫ್ಯಾಕ್ಟರಿಗಳು ಬಂದು, ಮಂಡಕಳ್ಳಿಯಲ್ಲಿ ವಿಮಾನ ಇಳಿಯತೊಡಗಿದ ಮೇಲೆ ಕಡಕೊಳದಲ್ಲಿ ಒಂದು ಗುಂಟೆಯನ್ನೂ ಯಾರೂ ಸಲೀಸಾಗಿ ಬಿಡಲ್ಲ. ಮೊದಲು ಜಗಳ ಬದುವಿಗಾಗಿ ಆಗುತ್ತಿತ್ತು. ಈಗ ಬ್ರೋಕರ್ ಫೋನ್ ಮಾಡಿದ ದಿನ ಶುರುವಾಗುತ್ತೆ.

ಆದರೆ ಪಹಣಿಯಲ್ಲಿ ಹೆಸರು ಕೂತ ಮಾತ್ರಕ್ಕೆ ಜಮೀನು ನಿನ್ನದಾಗಲ್ಲ. ಅದು ಕಂದಾಯದ ಲೆಕ್ಕ. ಹಕ್ಕು ತೀರ್ಮಾನಿಸುವುದು ಸಿವಿಲ್ ಕೋರ್ಟು. ವಂಶವೃಕ್ಷದಲ್ಲಿ ಅಕ್ಕನ ಹೆಸರು ಬಿಟ್ಟುಬಿಡು ಅಂತ ಯಾರಾದರೂ ಬುದ್ಧಿ ಹೇಳಿದರೆ ಅವರ ಸಹವಾಸ ಬಿಡು.

ಮೊದಲು ಅಕ್ಕನನ್ನು ಕರೆಸು. ಅಮ್ಮನ ಎದುರು ಅಪ್ಪ ಬರೆಸಿದ ಉಯಿಲಿನ ಮೂಲಪ್ರತಿ ಬಿಚ್ಚಿ ಓದಿ, ಜೆರಾಕ್ಸ್ ಒಂದು ಅಕ್ಕನಿಗೆ ಕೊಡು. ಕೊನೆಯ ಪುಟದಲ್ಲಿ ಅಪ್ಪನ ರುಜು ಎಲ್ಲಿದೆ, ಸಾಕ್ಷಿ ಹಾಕಿದ ಇಬ್ಬರು ಯಾರು, ಅವರು ಬದುಕಿದ್ದಾರೆಯೇ, ಎಲ್ಲವನ್ನೂ ಒಟ್ಟಿಗೆ ನೋಡಿ. ಇಬ್ಬರು ಸಾಕ್ಷಿ ಬೇಕೆನ್ನುವುದು 1925ರ ಉತ್ತರಾಧಿಕಾರ ಕಾಯ್ದೆಯ ಮಾತು. ರಿಜಿಸ್ಟರ್ ಆಗಿದೆಯಲ್ಲ ಅಂತ ಎದೆ ಉಬ್ಬಿಸಬೇಡ, ರಿಜಿಸ್ಟರ್ ಆದ ಉಯಿಲೂ ಬಿದ್ದುಹೋಗಿರುವುದುಂಟು. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ ಅಂತ ಒಂದು ಕೇಸು ನಮ್ಮ ಮೈಸೂರು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1945ರ ಉಯಿಲು, ತೀರ್ಪು ಬಂದದ್ದು 1958ರಲ್ಲಿ. ಉಯಿಲು ಬರೆಸುವುದರಲ್ಲಿ ಮುಂದೆ ನಿಂತವರ ಮಕ್ಕಳಿಗೇ ದೊಡ್ಡ ಲಾಭವಿತ್ತು. ಆ ಅನುಮಾನ ಕಳೆಯಲು ಆಗದೆ ಅವರು ಸೋತರು. ವಕೀಲರು ಇವತ್ತಿಗೂ ಆ ತೀರ್ಪನ್ನೇ ಎತ್ತಿ ಹೇಳುತ್ತಾರೆ. ನಿಮ್ಮಪ್ಪನನ್ನು ಬರೆಸಲು ಕರೆದುಕೊಂಡು ಹೋದವನು ನೀನೇ ತಾನೆ?

ಇನ್ನೊಂದು. ಅಪ್ಪ ತನ್ನ ಸಂಬಳದಲ್ಲಿ ಕೊಂಡ ಸೈಟನ್ನು ಯಾರಿಗೆ ಬೇಕಾದರೂ ಬರೆಯಬಹುದಿತ್ತು. ಆದರೆ ಹೊಲ ನಮ್ಮ ತಾತನ ಕಾಲದ್ದು, ಅದರಲ್ಲಿ ಅವನು ಬರೆಯಬಹುದಾಗಿದ್ದದ್ದು ತನ್ನ ಪಾಲನ್ನು ಮಾತ್ರ. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ‘ಮದುವೆಗೆ ಖರ್ಚು ಮಾಡಿದ್ದೀವಲ್ಲ’ ಎಂಬ ಮಾತು ಜಗಲಿಯಲ್ಲಿ ನಡೆದೀತು, ಕೋರ್ಟಿನಲ್ಲಿ ನಡೆಯಲ್ಲ.

ಪಂಚಾಯಿತಿಗೆ ನನ್ನನ್ನು ಕೂರಿಸಬೇಡ. ನಿಮ್ಮ ಹೊಲದ ಪಕ್ಕದ್ದೇ ನನ್ನದು, ನನ್ನ ಮಾತನ್ನೂ ಅಳೆದು ನೋಡು. ಮೈಸೂರಿನ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಅಕ್ಕನಿಗೆ ಅಲ್ಲಿ ವಕೀಲರು ಪುಕ್ಕಟೆ ಸಿಗುತ್ತಾರೆ, ಹೆಂಗಸರಿಗೆ ವರಮಾನ ಎಷ್ಟು ಅಂತ ಕೇಳುವುದಿಲ್ಲ. ದಾವೆ ಹೂಡುವ ಮೊದಲೇ ಲೋಕ ಅದಾಲತ್‌ಗೆ ಹೋಗಬಹುದು. ಅಲ್ಲಿ ರಾಜಿಯಾದರೆ ಅದು ಡಿಕ್ರಿಗೆ ಸಮ, ಅಪೀಲು ಇಲ್ಲ.

ಮನೆಯಲ್ಲೇ ಒಪ್ಪಿಗೆಯಾದರೆ ಛಾಪಾ ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಡಬೇಡಿ. ವಿಭಾಗಪತ್ರ ಮಾಡಿಸಿ, ಎಲ್ಲರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಒಟ್ಟಿಗೆ ಹೋಗಿ ನೋಂದಾಯಿಸಿ. ಆ ಖರ್ಚನ್ನು ನೀನೇ ಹಾಕು, ಅಕ್ಕನ ಲೆಕ್ಕಕ್ಕೆ ಹಚ್ಚಬೇಡ.