ಕರೆಂಟಿನ ಬೆಲೆ ಬಾವಿ ನೀರಲ್ಲೂ ಇದೆ

ನಮ್ಮ ಪಂಪ್‌ಸೆಟ್ಟಿಗೂ ಮೊಬೈಲಿಗೂ ಕರೆಂಟ್ ಬೇಕೇ ಬೇಕು. ಆದರೆ ಅದರ ಪೂರ್ತಿ ಬೆಲೆ ಬಿಲ್ಲಿನಲ್ಲಿ ಕಾಣಲ್ಲ. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1200 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರವಿದೆ. ಅದು ಬಳಸುವುದು ಸಮುದ್ರದ ನೀರು. ಹಾರುಬೂದಿ, ಉಪ್ಪುನೀರಿನ ಬಗ್ಗೆ ಸುತ್ತಲಿನ ರೈತರು ವರ್ಷಗಟ್ಟಲೆ ಹೋರಾಡಿದರು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿ ಪರಿಹಾರ ಕಟ್ಟುವಂತೆ ಸ್ಥಾವರದವರಿಗೆ ಆದೇಶಿಸಿತು.

ಉಪ್ಪು ಹೆಚ್ಚಾದರೆ ಮಣ್ಣಲ್ಲಿ ತೇವ ಇದ್ದರೂ ಬೇರು ನೀರು ಎಳೆಯಲ್ಲ, ಎಲೆಯ ಅಂಚು ಸುಡುತ್ತೆ. ಕರಾವಳಿಯವರು ಪ್ರತಿವರ್ಷ ಏಪ್ರಿಲ್‌ನಲ್ಲಿ ಬಾವಿ ನೀರಿನ ಇಸಿ ಪರೀಕ್ಷೆ ಮಾಡಿಸಿ. 0.7 ಡಿಎಸ್/ಮೀ ಒಳಗಿದ್ದರೆ ಚಿಂತೆಯಿಲ್ಲ. 3 ದಾಟಿದರೆ ಆ ನೀರನ್ನು ಬೆಳೆಗೆ ಬಿಡಬೇಡಿ. ವರದಿಯ ಫೋಟೋ ತೆಗೆದು ತಾರೀಖಿನ ಸಮೇತ ಇಟ್ಟುಕೊಳ್ಳಿ. ನಾಳೆ ದೂರು ಕೊಡಬೇಕಾಗಿ ಬಂದರೆ ಬಾಯಿಮಾತಿಗಿಂತ ಆ ಅಂಕಿಗೇ ತೂಕ ಜಾಸ್ತಿ.