ಗೌರವಧನಕ್ಕೆ ತಾರೀಖಿಲ್ಲ

ನಮ್ಮಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಅವರ ಸಂಬಳ ಎಷ್ಟಿತ್ತೆಂದು ನನಗೆ ಸರಿಯಾಗಿ ಗೊತ್ತಾದದ್ದು ಅವರು ರಿಟೈರಾಗಿ ಪಿಂಚಣಿ ಕಾಗದ ಬಂದಾಗ. ಆದರೆ ಸಂಬಳ ಬರುವ ತಾರೀಖು ಮಾತ್ರ ಮನೆಯ ಮಕ್ಕಳಿಗೆಲ್ಲ ಗೊತ್ತಿತ್ತು. ಅವತ್ತು ಸಂಜೆ ಅಪ್ಪ ದಿನಸಿ ಅಂಗಡಿಗೆ ಹೋಗಿ ಸಾಲದ ಪುಸ್ತಕ ಚುಕ್ತಾ ಮಾಡಿ, ಬರುವಾಗ ಕಾಲು ಕೆಜಿ ಖಾರ ಬೂಂದಿ ಕಟ್ಟಿಸಿಕೊಂಡು ಬರುತ್ತಿದ್ದರು. ಸಂಬಳ ಕಮ್ಮಿಯೇ. ಆದರೂ ಊರಲ್ಲಿ ಮೇಷ್ಟ್ರಿಗೆ ಸಾಲ ಹುಟ್ಟುತ್ತಿತ್ತು. ‘ಸಂಬಳದ ದಿನ ಕೊಡ್ತಾರೆ ಬಿಡ್ರಿ’ ಅನ್ನುವ ಮಾತೇ ಅವರ ಜಾಮೀನು.

ಹಣಕಾಸಿನಲ್ಲಿ ನನಗೆ ಸಿಕ್ಕ ಮೊದಲ ಪಾಠ ಅದು. ಅರ್ಥವಾದದ್ದು ಮಾತ್ರ ನಾನೇ ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೆ.

2014ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದಕ್ಕೆ ವಾಣಿಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿ ಸೇರಿದೆ. ಕೈಯಲ್ಲಿ ಎಂ.ಕಾಂ., ನೆಟ್ ಎರಡೂ ಇದ್ದವು. ಅತಿಥಿ ಎಂದು ಕರೆಸಿಕೊಂಡು ಎಂಟು ವರ್ಷ ಅಲ್ಲೇ ಇದ್ದೆ. ನಮಗೆ ಬರುತ್ತಿದ್ದುದಕ್ಕೆ ಸಂಬಳ ಎಂಬ ಹೆಸರಿರಲಿಲ್ಲ, ಗೌರವಧನ ಎನ್ನುತ್ತಿದ್ದರು. ಬಿ.ಕಾಂ. ಹುಡುಗರಿಗೆ ಆದಾಯ ತೆರಿಗೆಯಲ್ಲಿ ‘ಸಂಬಳದಿಂದ ಬರುವ ಆದಾಯ’ ಎಂಬ ಅಧ್ಯಾಯವನ್ನು ಪ್ರತಿವರ್ಷ ನಾನೇ ಹೇಳಿಕೊಡುತ್ತಿದ್ದೆ. ಮೂಲ ವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ಭವಿಷ್ಯ ನಿಧಿ, ಗ್ರಾಚ್ಯುಟಿ. ಬೋರ್ಡಿನ ಮೇಲೆ ಬರೆದದ್ದರಲ್ಲಿ ಒಂದೂ ನನ್ನ ಬದುಕಿನಲ್ಲಿ ಇರಲಿಲ್ಲ.

ಸ್ಕೂಟರ್ ಸಾಲಕ್ಕೆಂದು ಬ್ಯಾಂಕಿಗೆ ಹೋದಾಗ ಅಲ್ಲಿಯವರು ಸ್ಯಾಲರಿ ಸ್ಲಿಪ್ ಕೇಳಿದರು. ಇಲ್ಲ ಎಂದೆ. ‘ಮೂರು ತಿಂಗಳ ಸ್ಟೇಟ್‌ಮೆಂಟ್ ಆದರೂ ತನ್ನಿ ಮೇಡಂ’ ಎಂದರು. ತಂದುಕೊಟ್ಟೆ. ಆ ಮೂರು ತಿಂಗಳಲ್ಲಿ ಜಮೆಯಾದದ್ದು ಸೊನ್ನೆ. ದುಡ್ಡು ನಾಲ್ಕನೇ ತಿಂಗಳಲ್ಲಿ ಒಟ್ಟಿಗೆ ಬರುವುದಿತ್ತು. ಅದನ್ನು ವಿವರಿಸಿದಾಗ ಆ ಅಧಿಕಾರಿ ಮರುಕದಿಂದ ನೋಡಿ ಫೈಲು ಮುಚ್ಚಿದರು.

ಒಂದೇ ವರ್ಷ, ಎರಡು ಮುಷ್ಕರ

ಶಿಕ್ಷಕರ ಮುಷ್ಕರದ ಮಾತು ಬಂದಾಗಲೆಲ್ಲ ನನಗೆ 2023ನೇ ಇಸವಿ ನೆನಪಾಗುತ್ತದೆ. ಆ ವರ್ಷ ನಮ್ಮ ರಾಜ್ಯದಲ್ಲಿ ಎರಡು ಮುಷ್ಕರ ನಡೆದವು.

ಮೊದಲನೆಯದು ಮಾರ್ಚ್ 1ರಂದು. ಏಳನೇ ವೇತನ ಆಯೋಗದ ಜಾರಿ ಮತ್ತು ಹಳೆ ಪಿಂಚಣಿಗಾಗಿ ರಾಜ್ಯ ಸರ್ಕಾರಿ ನೌಕರರು ಅನಿರ್ದಿಷ್ಟ ಮುಷ್ಕರ ಹೂಡಿದರು. ಶಾಲಾ ಶಿಕ್ಷಕರೂ ಅದರಲ್ಲಿದ್ದರು. ವಿಧಾನಸಭೆ ಚುನಾವಣೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಮೂಲ ವೇತನದ ಶೇ 17ರಷ್ಟು ಮಧ್ಯಂತರ ಪರಿಹಾರ ಘೋಷಣೆಯಾಯಿತು, ಪಿಂಚಣಿ ಅಧ್ಯಯನಕ್ಕೆ ಸಮಿತಿ ಎಂದರು, ಮುಷ್ಕರ ಅದೇ ದಿನ ಮುಗಿಯಿತು. ಮುಂದೆ ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಹೊಸ ವೇತನವೂ ಬಂತು. ಕನಿಷ್ಠ ಮೂಲ ವೇತನ 17 ಸಾವಿರದಿಂದ 27 ಸಾವಿರಕ್ಕೆ ಏರಿತು. ಬೊಕ್ಕಸಕ್ಕೆ ವರ್ಷಕ್ಕೆ 20 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಹೊರೆ ಎಂದು ಸರ್ಕಾರವೇ ಲೆಕ್ಕ ಕೊಟ್ಟಿತು.

ಎರಡನೆಯದು ಆ ವರ್ಷದ ನವೆಂಬರ್ 23ರಂದು ಶುರುವಾಯಿತು. ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವೆ ಖಾಯಂ ಮಾಡಿ ಎಂದು ತರಗತಿ ಬಿಟ್ಟು ಜಿಲ್ಲೆ ಜಿಲ್ಲೆಗಳಲ್ಲಿ ಧರಣಿ ಕೂತರು. ಡಿಸೆಂಬರ್ ಕಳೆಯಿತು. ಹೊಸ ವರ್ಷಕ್ಕೆ ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಸಿಕ್ಕಿದ್ದು ಕನಿಷ್ಠ 5 ಸಾವಿರ ರೂಪಾಯಿ ಹೆಚ್ಚಳ, 5 ಲಕ್ಷದ ಆರೋಗ್ಯ ವಿಮೆ, ಅರವತ್ತು ತುಂಬಿ ಹೊರಹೋಗುವಾಗ 5 ಲಕ್ಷದ ಇಡಗಂಟಿನ ಭರವಸೆ. ಖಾಯಂ ಮಾತ್ರ ಆಗಲಿಲ್ಲ.

ಒಂದು ಮುಷ್ಕರ ಒಂದು ದಿನ, ಇನ್ನೊಂದು ನಲವತ್ತು ದಿನ. ಸರ್ಕಾರಿ ನೌಕರರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅಂಥದೇ ಸಂಬಳದಲ್ಲಿ ಬೆಳೆದ ಮನೆ ನಮ್ಮದು. ಆದರೆ ಸಂಬಳವಿರುವವರು ಒಂದು ದಿನ ಕೆಲಸ ನಿಲ್ಲಿಸಿದರೆ ವಿಧಾನಸೌಧಕ್ಕೆ ಕೇಳಿಸುತ್ತದೆ, ಗೌರವಧನದವರು ನಲವತ್ತು ದಿನ ಕೂತರೂ ಕೇಳಿಸುವುದು ಮನೆಯ ಅಡುಗೆಕೋಣೆಗೆ.

ಹದಿನೈದು ಗಂಟೆಗೆ ಮೂವತ್ತೆರಡು ಸಾವಿರ

ಆ ಡಿಸೆಂಬರಿನಲ್ಲಿ ನೆಂಟರ ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಸೋದರಮಾವ ಕೇಳಿದರು: ‘ಏನಮ್ಮಾ, ವಾರಕ್ಕೆ ಹದಿನೈದು ಗಂಟೆ ಪಾಠಕ್ಕೆ ಮೂವತ್ತೆರಡು ಸಾವಿರ ಕೊಡ್ತಾರಂತೆ. ಇನ್ನೆಷ್ಟು ಬೇಕು ನಿಮಗೆ? ನಮ್ಮ ತೋಟದಾಳು ದಿನವಿಡೀ ದುಡಿದರೂ ಅಷ್ಟು ಗಿಟ್ಟಲ್ಲ.’ ಎದುರು ಕೂತಿದ್ದ ಒಬ್ಬರು ದನಿಗೂಡಿಸಿದರು: ‘ನನ್ನ ಮಗಳು ಮೂರನೇ ಸೆಮಿಸ್ಟರ್. ಒಂದು ತಿಂಗಳಿಂದ ಕ್ಲಾಸೇ ಇಲ್ಲ. ಫೀಸು ಕಟ್ಟಿದ್ದು ನಾವಲ್ವಾ?’

ಎರಡೂ ಮಾತಿನಲ್ಲಿ ಸತ್ಯವಿದೆ. ಆ ತಂದೆಯ ಸಿಟ್ಟಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇವತ್ತಿಗೂ ಇಲ್ಲ. ಖಾಸಗಿ ಕಾಲೇಜಿಗೆ ಹೋಗಲಾಗದ ಮನೆಯ ಮಕ್ಕಳೇ ನಮ್ಮ ತರಗತಿಯಲ್ಲಿ ಕೂರುವುದು. ನಾವು ಧರಣಿಗೆ ಕೂತರೆ ಪಾಠ ನಿಲ್ಲುವುದು ಅವರಿಗೇ. ಮಾವನ ಮಾತಿಗೆ ಮಾತ್ರ ಲೆಕ್ಕದಲ್ಲೇ ಉತ್ತರವಿದೆ. ಪಂಕ್ತಿಯಲ್ಲಿ ಹೇಳಲು ಆಗಲಿಲ್ಲ, ಇಲ್ಲಿ ಹೇಳುತ್ತೇನೆ.

ಮೂವತ್ತೆರಡು ಸಾವಿರ ಬಂದದ್ದು 2022ರ ಜನವರಿಯ ಆದೇಶದಿಂದ. ಅದಕ್ಕೂ ಮುಂಚೆ ಯುಜಿಸಿ ಅರ್ಹತೆ ಇದ್ದವರಿಗೆ 13 ಸಾವಿರ, ಇಲ್ಲದವರಿಗೆ 11 ಸಾವಿರ. ಹೊಸ ಆದೇಶದಲ್ಲಿ ಅರ್ಹತೆ ಮತ್ತು ಐದು ವರ್ಷದ ಸೇವೆ ನೋಡಿ 26 ಸಾವಿರದಿಂದ 32 ಸಾವಿರದವರೆಗೆ ನಾಲ್ಕು ಹಂತ ಮಾಡಿದರು. ಆವತ್ತು ನಾವು ಸಿಹಿ ಹಂಚಿದ್ದು ನಿಜ. ಅದೇ ಆದೇಶದಲ್ಲಿ ವಾರಕ್ಕೆ ಎಂಟು–ಹತ್ತು ಗಂಟೆ ಇದ್ದ ಕಾರ್ಯಭಾರ ಹದಿನೈದಕ್ಕೆ ಏರಿತ್ತು. ಮೂವರು ಹಂಚಿಕೊಂಡಿದ್ದ ಪಾಠವನ್ನು ಇಬ್ಬರೇ ಮಾಡಿದರೆ ಸಾಕು ಎಂದಾಯಿತು. ನಮ್ಮ ವಿಭಾಗದಲ್ಲಿ ಆ ಮೂರನೆಯವಳು ನಾನು.

ಇನ್ನು ತಿಂಗಳ ಲೆಕ್ಕ. ನಮ್ಮ ಕಾಲೇಜಿನಲ್ಲಿ ಗೌರವಧನ ಪಾಠ ನಡೆಯುವ ಹತ್ತು ತಿಂಗಳಿಗೆ ಮಾತ್ರ. 32 ಸಾವಿರವನ್ನು ಹತ್ತರಿಂದ ಗುಣಿಸಿದರೆ 3 ಲಕ್ಷದ 20 ಸಾವಿರ. ಬಾಡಿಗೆ, ಹಾಲು, ಕರೆಂಟು ಬಿಲ್ಲಿಗೆ ಹನ್ನೆರಡು ತಿಂಗಳು. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 26,667. ಡಿ ಗ್ರೂಪ್ ನೌಕರರ ಹೊಸ ಕನಿಷ್ಠ ಮೂಲ ವೇತನಕ್ಕಿಂತ ಕಮ್ಮಿ. ಹಳೆಯ 13 ಸಾವಿರದ ಲೆಕ್ಕ ಹಿಡಿದರೆ ತಿಂಗಳಿಗೆ 10,833 ಬೀಳುತ್ತದೆ. ಏಳು ವರ್ಷಕ್ಕೂ ಮಿಕ್ಕಿ ನಾನು ಸಂಸಾರ ತೂಗಿಸಿದ್ದು ಇಂಥ ಲೆಕ್ಕದಲ್ಲಿ.

ಅದೇ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಖಾಯಂ ಸಹಾಯಕ ಪ್ರಾಧ್ಯಾಪಕರಿದ್ದರು. ಹೇಳುವ ಪಾಠ ಒಂದೇ, ತಿದ್ದುವ ಪೇಪರೂ ಒಂದೇ. ಯುಜಿಸಿ ಶ್ರೇಣಿಯಲ್ಲಿ ಅವರ ಹುದ್ದೆಯ ಆರಂಭಿಕ ಮೂಲ ವೇತನ 57,700. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹಳೆ ಪಿಂಚಣಿ ಇಲ್ಲ, ವಂತಿಗೆ ಕಟ್ಟುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್. ಅದು ಸಾಲದು ಎಂದೇ ಅವರ ಹೋರಾಟ, ಅದರಲ್ಲೂ ನ್ಯಾಯವಿದೆ. ಆದರೆ ಆ ಎನ್‌ಪಿಎಸ್‌ಗೆ ಸರ್ಕಾರ ತನ್ನ ಪಾಲಾಗಿ ಶೇ 14ರಷ್ಟು ಹಾಕುತ್ತದೆ. ತುಟ್ಟಿಭತ್ಯೆ ಬಿಟ್ಟು ಮೂಲ ವೇತನದ ಮೇಲಷ್ಟೇ ಲೆಕ್ಕ ಹಾಕಿದರೂ ತಿಂಗಳಿಗೆ 8,078 ರೂಪಾಯಿ. ಅವರ ಮುಪ್ಪಿಗೆಂದು ಸರ್ಕಾರ ತೆಗೆದಿಡುವ ಈ ಮೊತ್ತ ನನ್ನ ಹಳೆಯ ಇಡೀ ಆದಾಯದ ಮುಕ್ಕಾಲು ಪಾಲು.

ಬಡ್ಡಿ ಕಟ್ಟಿದವರು ಯಾರು?

ಮೊತ್ತಕ್ಕಿಂತ ನನ್ನನ್ನು ಹಣ್ಣು ಮಾಡಿದ್ದು ಕಾಯುವಿಕೆ. ಅನುದಾನ ಬಿಡುಗಡೆಯಾಗಿಲ್ಲ, ಬಿಲ್ಲು ಖಜಾನೆಯಲ್ಲಿದೆ, ಆಕ್ಷೇಪಣೆ ಬಂದಿದೆ. ಹೀಗೆ ಮೂರು ನಾಲ್ಕು ತಿಂಗಳು. ದಿನಸಿ ಅಂಗಡಿಯವರು ಒಳ್ಳೆಯವರೇ, ‘ಮೇಡಂ, ಈ ಸಲ ಯಾವಾಗ ಬರುತ್ತೆ?’ ಎಂದು ಮೆಲ್ಲಗೇ ಕೇಳುತ್ತಿದ್ದರು. ಅಪ್ಪನಿಗೆ ಯಾರೂ ಕೇಳದ ಪ್ರಶ್ನೆ ಅದು.

ಒಂದು ವರ್ಷ ಬಳೆ ಒತ್ತೆಯಿಟ್ಟು 50 ಸಾವಿರ ತಂದೆ. ವರ್ಷಕ್ಕೆ ಶೇ 12 ಬಡ್ಡಿ, ನಾಲ್ಕು ತಿಂಗಳಿಗೆ 2 ಸಾವಿರ. ಬಡ್ಡಿ ಕಟ್ಟಿ ರಸೀದಿ ಹಿಡಿದು ಹೊರಬರುವಾಗ ಕಾಮರ್ಸ್ ಮೇಷ್ಟ್ರ ತಲೆ ಓಡಿತು. ನನ್ನ ದುಡಿಮೆಯ ದುಡ್ಡು ಸರ್ಕಾರದ ಬಳಿ ಬಡ್ಡಿಯಿಲ್ಲದೆ ಕೂತಿದೆ, ಅದು ಬರುವವರೆಗೆ ಬಡ್ಡಿ ಕಟ್ಟುತ್ತಿರುವುದು ನಾನು. ಹತ್ತು ಸಾವಿರ ಮಂದಿಯ ತಲಾ 30 ಸಾವಿರ ರೂಪಾಯಿ ಒಂದೇ ಒಂದು ತಿಂಗಳು ತಡವಾದರೂ ಅದು 30 ಕೋಟಿ. ಸಾಲ ಕೊಟ್ಟವರು ಅತಿಥಿಗಳು, ತೆಗೆದುಕೊಂಡವರು ಆತಿಥೇಯರು.

2025ರ ಆಗಸ್ಟಿನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದರ ಆಸುಪಾಸಿನ ಮಾತೇ. ಸಭೆಗಳಲ್ಲಿ ಗುರುವನ್ನು ದೇವರೆಂದು ಹೊಗಳುವ ಶ್ಲೋಕ ಹೇಳಿದರೆ ಸಾಲದು, ಆ ಗೌರವ ಅವರನ್ನು ನಡೆಸಿಕೊಳ್ಳುವ ರೀತಿಯಲ್ಲಿ ಕಾಣಬೇಕು ಎಂದಿತು. ಅಲ್ಲಿಯ ಗುತ್ತಿಗೆಯವರಿಗೆ ಸಿಗುತ್ತಿದ್ದುದು ತಿಂಗಳಿಗೆ 30 ಸಾವಿರ.

ಬೋಧಕರಿಗೆ ನಾಲ್ಕು ಮಾತು

ಸರ್ಕಾರ ಬದಲಾಗುವವರೆಗೆ ನಮ್ಮ ಮನೆ ಕಾಯುವುದಿಲ್ಲ. ನಾನು ತಡವಾಗಿ ಕಲಿತದ್ದನ್ನು ನೀವು ಬೇಗ ಕಲಿಯಿರಿ.

ಒಂದು, ವರ್ಷದ ಒಟ್ಟು ಮೊತ್ತವನ್ನು ಹನ್ನೆರಡರಿಂದ ಭಾಗಿಸಿ, ಅದೇ ನಿಮ್ಮ ಸಂಬಳ ಎಂದುಕೊಳ್ಳಿ. ನಾಲ್ಕು ತಿಂಗಳದ್ದು ಒಟ್ಟಿಗೆ ಬಂದ ದಿನ ಶ್ರೀಮಂತರಾದಂತೆ ಅನಿಸುತ್ತದೆ. ಆ ದಿನ ಅಂಗಡಿ ಕಡೆ ಹೋಗಬೇಡಿ. ಬಂದದ್ದನ್ನೆಲ್ಲ ಒಂದು ಖಾತೆಯಲ್ಲಿಟ್ಟು, ಮನೆಖರ್ಚಿನ ಖಾತೆಗೆ ಪ್ರತಿ ತಿಂಗಳ ಒಂದನೇ ತಾರೀಖು ನಿಮಗೆ ನೀವೇ ಸಂಬಳ ಹಾಕಿಕೊಳ್ಳಿ. ಸರ್ಕಾರ ಕೊಡದ ತಾರೀಖನ್ನು ನಾವೇ ಕೊಟ್ಟುಕೊಳ್ಳುವ ಉಪಾಯ ಇದು.

ಎರಡು, ಕೈಬಿಡದಂತೆ ನಾಲ್ಕು ತಿಂಗಳ ಖರ್ಚು ಕೂಡಿಡಿ. ಚೀಟಿಗಿಂತ ಆರ್‌ಡಿ ವಾಸಿ. ಮುಷ್ಕರಕ್ಕೆ ಹೋಗುವವರಿಗಂತೂ ಇದು ಬೇಕೇ ಬೇಕು. ಮಾಡದ ಕೆಲಸಕ್ಕೆ ಸಂಬಳವಿಲ್ಲ ಎಂಬುದು ನಿಯಮ. ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲ ಎಂದು 2003ರಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಪ್ಪುವುದು ಬಿಡುವುದು ಬೇರೆ, ಆ ತಿಂಗಳ ಅಕ್ಕಿ ಮೊದಲೇ ಮನೆಯಲ್ಲಿರಲಿ.

ಮೂರು, ಪಿಂಚಣಿ ಕೊಡುವವರಿಲ್ಲದಿದ್ದರೆ ನೀವೇ ಕಟ್ಟಿಕೊಳ್ಳಿ. ಎನ್‌ಪಿಎಸ್ ಸರ್ಕಾರಿ ನೌಕರರಿಗೆ ಮಾತ್ರವಲ್ಲ, ಯಾರು ಬೇಕಾದರೂ ಖಾತೆ ತೆರೆಯಬಹುದು. ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಕಟ್ಟಬಹುದಾದ ಪಿಪಿಎಫ್ 500 ರೂಪಾಯಿಗೂ ನಡೆಯುತ್ತದೆ. ನಾನು ಪಿಪಿಎಫ್ ತೆರೆದದ್ದು ಆರನೇ ವರ್ಷದಲ್ಲಿ. ಆ ಐದು ವರ್ಷ ತಿಂಗಳಿಗೆ ಐನೂರು ಹಾಕಿದ್ದರೂ ಅಸಲೇ 30 ಸಾವಿರ ಆಗುತ್ತಿತ್ತು.

ನಾಲ್ಕು, ಖಾಸಗಿ ಶಾಲೆಯ ಶಿಕ್ಷಕರಿಗೆ. ನಿಮಗೂ ಗ್ರಾಚ್ಯುಟಿ ಉಂಟು. 2009ರ ತಿದ್ದುಪಡಿ ಶಿಕ್ಷಕರನ್ನು 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಗ್ರಾಚ್ಯುಟಿ ಕಾಯ್ದೆಯೊಳಗೆ ತಂದಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದಾಗ 2022ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 20 ಸಾವಿರವಿದ್ದು ಹತ್ತು ವರ್ಷ ದುಡಿದಿದ್ದರೆ, ಹದಿನೈದರಿಂದ ಗುಣಿಸಿ ಇಪ್ಪತ್ತಾರರಿಂದ ಭಾಗಿಸುವ ಸೂತ್ರದಲ್ಲಿ ಬರುವುದು ಸುಮಾರು 1 ಲಕ್ಷ 15 ಸಾವಿರ. ಇದು ಕೇಳದಿದ್ದರೆ ಸಿಗದ ದುಡ್ಡು. ನೇಮಕದ ಪತ್ರ, ಹಾಜರಿಯ ದಾಖಲೆ, ಬ್ಯಾಂಕ್ ಜಮೆ ಮೂರನ್ನೂ ಜೋಪಾನ ಮಾಡಿ.

ಓದುಗರಲ್ಲೂ ಒಂದು ಕೇಳಿಕೆ. ಮುಂದಿನ ಸಲ ಮೇಷ್ಟ್ರುಗಳು ಬೀದಿಗೆ ಬಂದಾಗ ‘ಎಷ್ಟು ಕೊಡ್ತಾರಂತೆ?’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ವರ್ಷಕ್ಕೆ ಎಷ್ಟು ತಿಂಗಳು ಕೊಡುತ್ತಾರೆ, ಯಾವ ತಾರೀಖು ಕೊಡುತ್ತಾರೆ, ಅರವತ್ತಾದ ಮೇಲೆ ಏನು ಕೊಡುತ್ತಾರೆ ಎಂದೂ ಕೇಳಿ. ಎಲ್ಲರನ್ನೂ ಖಾಯಂ ಮಾಡುವಷ್ಟು ಹಣ ಬೊಕ್ಕಸದಲ್ಲಿ ಇದೆಯೋ ಇಲ್ಲವೋ, ಅದು ದೊಡ್ಡ ಚರ್ಚೆ. ಒಂದನೇ ತಾರೀಖು ಕೊಡುವುದಕ್ಕೆ ಹೊಸ ಹಣ ಬೇಕಾಗಿಲ್ಲ. ಕೊಡಲೇಬೇಕಾದದ್ದನ್ನು ಹೊತ್ತಿಗೆ ಸರಿಯಾಗಿ ಕೊಟ್ಟರಾಯಿತು.

ಅಪ್ಪ ಈಗಿಲ್ಲ. ಅಮ್ಮನಿಗೆ ಕುಟುಂಬ ಪಿಂಚಣಿ ಪ್ರತಿ ತಿಂಗಳು ತಪ್ಪದೆ ಬರುತ್ತದೆ. ನನ್ನ ಕೊನೆಯ ಮೂರು ತಿಂಗಳ ಗೌರವಧನ ಬಂದದ್ದು ನಾನು ಕಾಲೇಜು ಬಿಟ್ಟ ಐದನೇ ತಿಂಗಳಿಗೆ. ಅಷ್ಟರೊಳಗೆ ಎರಡನೇ ಸಲ ಒತ್ತೆಗೆ ಹೋಗಿದ್ದ ಬಳೆಯನ್ನು ಬಿಡಿಸಿದ್ದು ಅಮ್ಮನ ಪಿಂಚಣಿ.