ಸಮಾಜಕಾರ್ಯದ ಪದವಿ: ಖರ್ಚು ಮತ್ತು ಗಳಿಕೆಯ ಲೆಕ್ಕ

ರಾಯಾಪುರದ ಕಿರಿಯ ಓದುಗರಿಗೆ,

ಬಿ.ಎ. ಅಥವಾ ಬಿ.ಎಸ್.ಡಬ್ಲ್ಯೂ. ಮುಗಿಸಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ, ಅಂದರೆ ಎಂ.ಎಸ್.ಡಬ್ಲ್ಯೂ.ಗೆ, ಸೇರಬೇಕೆಂದಿರುವ ವಿದ್ಯಾರ್ಥಿಯ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಶುಲ್ಕದ್ದು. ಆದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಂತಹ ಸರ್ಕಾರಿ ಸಂಸ್ಥೆಯಲ್ಲಿ ಸೀಟು ದೊರೆತವರಿಗೆ ಶುಲ್ಕಕ್ಕಿಂತ ದೊಡ್ಡ ಖರ್ಚೊಂದಿದ್ದು, ಅದಕ್ಕೆ ಯಾರೂ ರಸೀದಿ ಕೊಡುವುದಿಲ್ಲ. ಓದಿನ ಎರಡು ವರ್ಷ ದುಡಿಯದೆ ಕೈಬಿಟ್ಟ ಸಂಬಳವೇ ಆ ಖರ್ಚು; ಅರ್ಥಶಾಸ್ತ್ರದಲ್ಲಿ ಇದಕ್ಕೆ ಅವಕಾಶ ವೆಚ್ಚವೆಂದು ಹೆಸರು. ತಿಂಗಳಿಗೆ 15,000 ರೂಪಾಯಿಯ ಕೆಲಸ ಸಿಗಬಹುದಾಗಿದ್ದವರು ಅದನ್ನು ಬಿಟ್ಟು ಓದಲು ಕುಳಿತರೆ, ಪುಸ್ತಕವೊಂದನ್ನೂ ಕೊಳ್ಳುವ ಮೊದಲೇ 3,60,000 ರೂಪಾಯಿ ಲೆಕ್ಕಕ್ಕೆ ಸೇರುತ್ತದೆ.

ಇದರ ಮೇಲೆ ಕ್ಷೇತ್ರಕಾರ್ಯದ ಖರ್ಚು ಬೀಳುತ್ತದೆ. ಕ್ಷೇತ್ರಕಾರ್ಯವೆಂದರೆ ವಾರದಲ್ಲಿ ಸಾಮಾನ್ಯವಾಗಿ ಎರಡು ದಿನ ಆಸ್ಪತ್ರೆ, ಕೊಳೆಗೇರಿ, ಶಾಲೆ ಅಥವಾ ಸಂಸ್ಥೆಯೊಂದರಲ್ಲಿ ಮೇಲ್ವಿಚಾರಕರ ಕೆಳಗೆ ಮಾಡಬೇಕಾದ ಕಡ್ಡಾಯ ತರಬೇತಿ. ಅದಕ್ಕೆ ಸಂಬಳವಿರುವುದು ಅಪರೂಪ, ಬಸ್ಸಿನ ಖರ್ಚು ಮಾತ್ರ ತಪ್ಪುವುದಿಲ್ಲ. ಈ ವಿಷಯದಲ್ಲಿ ರಾಯಾಪುರದವರು ಅದೃಷ್ಟವಂತರೇ ಸರಿ: ಅತ್ತ ಹುಬ್ಬಳ್ಳಿಗೂ ಇತ್ತ ಧಾರವಾಡಕ್ಕೂ ಚಿಗರಿ ಬಸ್ಸು ಇರುವುದರಿಂದ, ಹಾಸ್ಟೆಲಿನ ಖರ್ಚಿಲ್ಲದೆ ಮನೆಯಲ್ಲಿದ್ದೇ ಓದಬಹುದು.

ಗಳಿಕೆಯ ಮಾತಿಗೆ ಬಂದಾಗ, ಈ ಪದವಿಗೆ ಸರಾಸರಿ ಸಂಬಳವೆಷ್ಟು ಎಂಬ ಪ್ರಶ್ನೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಯಾವ ಹುದ್ದೆಗೆ ಕಾನೂನು ಅಥವಾ ನೇಮಕಾತಿ ನಿಯಮ ಈ ಪದವಿಯನ್ನೇ ಬೇಡುತ್ತದೆ ಎಂದು ಕೇಳಬೇಕು. ಮಕ್ಕಳ ರಕ್ಷಣೆಗಾಗಿ ಕೇಂದ್ರ ಮತ್ತು ರಾಜ್ಯಗಳು ಕೂಡಿ ನಡೆಸುವ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯನ್ನು ನೋಡಬಹುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಮಾಜ ಕಾರ್ಯಕರ್ತರಿಗೆ ಅದು ನಿಗದಿಪಡಿಸಿದ ಮಾಸಿಕ ಸಂಭಾವನೆ 18,536 ರೂಪಾಯಿಯಾಗಿದ್ದು, ಆ ಹುದ್ದೆಗೆ ಸ್ನಾತಕ ಪದವಿ ಸಾಕು. ರಕ್ಷಣಾಧಿಕಾರಿಗೆ 27,804 ರೂಪಾಯಿ ಇದ್ದರೂ, ಅಲ್ಲಿ ಸ್ನಾತಕೋತ್ತರ ಪದವಿಗೆ ಬದಲಾಗಿ ಸ್ನಾತಕ ಪದವಿಯ ಜೊತೆಗಿನ ಎರಡು ವರ್ಷದ ಅನುಭವವನ್ನೂ ಒಪ್ಪಲಾಗುತ್ತದೆ. ಎರಡೂ ಗುತ್ತಿಗೆಯ ಹುದ್ದೆಗಳು. ಮೇಲೆ ಹೇಳಿದ 15,000 ರೂಪಾಯಿಯ ಕೆಲಸ ಬಿಟ್ಟು ಎಂ.ಎಸ್.ಡಬ್ಲ್ಯೂ. ಮಾಡಿ ಮೊದಲನೆಯ ಹುದ್ದೆಗೆ ಸೇರಿದವರಿಗೆ ತಿಂಗಳಿಗೆ ದೊರೆಯುವ ಹೆಚ್ಚುವರಿ ಹಣ 3,536 ರೂಪಾಯಿ ಮಾತ್ರವಾದ್ದರಿಂದ, ಕೈಬಿಟ್ಟ ಸಂಬಳ ಮರಳಿ ಬರಲು ಸುಮಾರು ಎಂಟೂವರೆ ವರ್ಷ ಹಿಡಿಯುತ್ತದೆ. ಶುಲ್ಕ, ಸಾಲದ ಬಡ್ಡಿ, ಸಂಬಳದ ಏರಿಕೆ ಇವೊಂದೂ ಈ ಲೆಕ್ಕದಲ್ಲಿಲ್ಲ.

ಆದರೆ ಪದವಿಗೆ ನಿಜವಾದ ಬೆಲೆಯಿರುವ ಬಾಗಿಲುಗಳೂ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರೆನಿಸಿಕೊಳ್ಳಲು ಸಮಾಜಕಾರ್ಯದ ಸ್ನಾತಕೋತ್ತರ ಪದವಿಯೂ, ಅದರ ಮೇಲೆ ಚಿಕಿತ್ಸಾ ತರಬೇತಿಯುಳ್ಳ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಪದವಿಯೂ ಬೇಕು, ಬೇರೆ ಪದವಿಯವರು ಅಲ್ಲಿ ಸ್ಪರ್ಧೆಗಿಳಿಯುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಈ ತರಬೇತಿಗೆ ಹೆಸರಾದ ಸಂಸ್ಥೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಎಂ.ಫಿಲ್. ನಿಲ್ಲಿಸಿ, ಮನೋವೈದ್ಯಕೀಯ ಸಮಾಜಕಾರ್ಯಕ್ಕೆ 2025-26ರವರೆಗೆ ಮಾತ್ರ ವಿನಾಯಿತಿ ಕೊಟ್ಟಿರುವುದರಿಂದ, ಈ ದಾರಿ ಹಿಡಿಯುವವರು ಸದ್ಯದ ಆದೇಶವನ್ನು ತಪ್ಪದೆ ಓದಬೇಕು.

ಎರಡನೆಯ ಬಾಗಿಲು ಕಾರ್ಖಾನೆಯದು. 1948ರ ಕಾರ್ಖಾನೆ ಕಾಯಿದೆಯು 500 ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ ಕಲ್ಯಾಣ ಅಧಿಕಾರಿಯನ್ನು, ಅಂದರೆ ಕಾರ್ಮಿಕರ ಕ್ಯಾಂಟೀನು, ಶಿಶುಪಾಲನೆ, ಕುಂದುಕೊರತೆಗಳನ್ನು ನೋಡಿಕೊಳ್ಳುವವರನ್ನು, ಕಡ್ಡಾಯ ಮಾಡಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಆ ಸಂಖ್ಯೆ 250ಕ್ಕೆ ಇಳಿದಿದೆ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಹತ್ತಿರವಿರುವವರಿಗೆ ಇದು ಸಣ್ಣ ಸುದ್ದಿಯಲ್ಲ. ಎಂ.ಬಿ.ಎ. ಓದಿದವರ ಪೈಪೋಟಿ ಮಾತ್ರ ಇಲ್ಲಿ ಜೋರಾಗಿದ್ದು, ಕಾರ್ಮಿಕ ಕಾನೂನನ್ನು ಚೆನ್ನಾಗಿ ಓದದ ಸಮಾಜಕಾರ್ಯದ ವಿದ್ಯಾರ್ಥಿ ಹಿಂದೆ ಬೀಳುತ್ತಾನೆ.

ಸೇವಾ ಸಂಸ್ಥೆಯೊಂದು ಊರಲ್ಲೇ ಇದ್ದ ಮಾತ್ರಕ್ಕೆ ಈ ಪದವಿಗೆ ಅಲ್ಲಿ ಹುದ್ದೆ ಕಾದಿರುತ್ತದೆಂದು ತಿಳಿಯಬಾರದು. ರಾಯಾಪುರದಲ್ಲಿ ಶಾಲಾಮಕ್ಕಳ ಬಿಸಿಯೂಟಕ್ಕೆ ಅಕ್ಷಯ ಪಾತ್ರ ಪ್ರತಿಷ್ಠಾನದ ಬೃಹತ್ ಅಡುಗೆಮನೆಯಿದೆ; ಅಡುಗೆ, ಸಾಗಣೆ, ಗುಣಮಟ್ಟ, ಲೆಕ್ಕಪತ್ರ, ಹೀಗೆ ಅಂತಹ ಕೇಂದ್ರ ಬೇಡುವ ಕೌಶಲಗಳೇ ಬೇರೆ. ಹಣದ ಮೂಲವನ್ನೂ ಗಮನಿಸಬೇಕು: ವಿದೇಶಿ ದೇಣಿಗೆಯಲ್ಲಿ ಆಡಳಿತಕ್ಕೆ ಬಳಸಬಹುದಾದ ಪಾಲನ್ನು ಆ ಕುರಿತ ಕಾಯಿದೆಯ 2020ರ ತಿದ್ದುಪಡಿಯು ಶೇ. 50ರಿಂದ ಶೇ. 20ಕ್ಕೆ ಇಳಿಸಿದ್ದು, ಕಚೇರಿ ಸಿಬ್ಬಂದಿಯ ಸಂಬಳಕ್ಕೆ ಅದರ ಬಿಸಿ ತಟ್ಟುತ್ತದೆ.

ಸೇವೆಗೆ ಬರುವವರು ಸಂಬಳ ಕೇಳಬಾರದೆಂಬ ಮಾತು ಈ ಕ್ಷೇತ್ರದಲ್ಲಿ ಹಿಂದಿನಿಂದಲೂ ಇದೆ. ಅದನ್ನು ಆಡುವವರು ಬಹುಮಟ್ಟಿಗೆ ಸಂಬಳ ಕೊಡಬೇಕಾದವರೇ ಎಂಬುದನ್ನು ಕಿರಿಯರು ಮರೆಯದಿರಲಿ. ಕ್ಷೇತ್ರಕಾರ್ಯಕ್ಕೆ ಹೋದಲ್ಲಿ ಹಿಂದಿನ ಬ್ಯಾಚಿನವರನ್ನು ಕಂಡು, ಗುತ್ತಿಗೆ ಎಷ್ಟು ತಿಂಗಳದ್ದು, ಸಂಬಳ ಯಾವ ತಿಂಗಳವರೆಗೆ ಬಂದಿದೆ, ಭವಿಷ್ಯ ನಿಧಿ ಕಟ್ಟುತ್ತಾರೆಯೇ ಎಂದು ವಿಚಾರಿಸಬೇಕು. ಮನೆಯ ಸ್ಥಿತಿ ಎರಡು ವರ್ಷದ ಗಳಿಕೆಯನ್ನು ಬಿಡಲು ಒಪ್ಪದಿದ್ದರೆ, ಕೆಲಸಕ್ಕೆ ಸೇರಿಕೊಂಡೇ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಎಂ.ಎಸ್.ಡಬ್ಲ್ಯೂ.ಗೆ ನೋಂದಾಯಿಸಿಕೊಳ್ಳುವುದು ಒಂದು ದಾರಿ. ಅಲ್ಲಿಯೂ ಕ್ಷೇತ್ರಕಾರ್ಯ ಕಡ್ಡಾಯವಿರುವುದರಿಂದ, ಅದಕ್ಕೆ ಬಿಡುವು ಕೊಡುವರೇ ಎಂದು ಕೆಲಸ ಕೊಟ್ಟವರನ್ನು ನೋಂದಣಿಗೆ ಮೊದಲೇ ಕೇಳಿಕೊಳ್ಳುವುದು ಲೇಸು.

ಇತಿ,
ಹಿರಿಯ ಹಿತೈಷಿ